ಕಮಲಂ ಹೇಳಿದ ಖಾಲಿ ಜಾಗ

ಸರ್ವೇಯರ್ ಗಿರಿಧರನ್ ಮೊದಲ ಸಲ ಬಂದ ದಿನ ಕಟ್ಟಬೆಟ್ಟಿನ ಕಡೆ ಮಧ್ಯಾಹ್ನವಾದರೂ ಮಂಜು ಸರಿದಿರಲಿಲ್ಲ. ಕಮಲಂ ಅಂಗಳದ ಕಲ್ಲಿನ ಮೇಲೆ ಕುಳಿತು, ಟೀ ಎಲೆ ಕೊಯ್ಯುವ ಕತ್ತರಿಯ ಅಂಟನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಅವನ ಪ್ಯಾಂಟು ಮೊಳಕಾಲವರೆಗೆ ಒದ್ದೆ, ಮೀನಖಂಡದಲ್ಲಿ ಜಿಗಣೆ ಕಚ್ಚಿದ ರಕ್ತ.

"ಸ್ವಲ್ಪ ನೀರು ಕೊಡಿ ಅಮ್ಮಾ."

"ಎಂಗ ಹಟ್ಟಿಗೆ ಬಂದವರು ಬರೀ ನೀರು ಕುಡಿದು ಹೋಗೋದುಂಟಾ? ಒಳಗೆ ಬಾ ಸಾಮಿ, ಉಣ್ಣು."

ಅನ್ನ, ಅವರೆ ಸಾರು ಬಡಿಸಿದಳು. ಎರಡು ತುತ್ತು ಉಂಡು ಅವನು ಕಿಟಕಿಯಾಚೆಗಿನ ಹುಲ್ಲಿನ ಇಳಿಜಾರು ತೋರಿಸಿದ. "ಅಲ್ಲಿ ಏನಾದರೂ ಇದೆಯಾ?"

ಅಲ್ಲಿ ಅವಳ ಗಂಡ ಭೋಜನ್ ಇದ್ದ. ಅತ್ತೆ ಇದ್ದಳು. ಹೆಸರಿಡುವ ಮೊದಲೇ ಹೋದ ಅವಳ ಕೂಸು ಇತ್ತು. ಹಟ್ಟಿಯವರೆಲ್ಲ ಮಣ್ಣಾಗುವುದು ಅಲ್ಲೇ. ಗುರುತಿನ ಕಲ್ಲು ನೆಡುವ ರೂಢಿಯಿಲ್ಲ, ಮುಂದಿನ ಮಳೆಗೆ ಹುಲ್ಲು ಮುಚ್ಚುತ್ತದೆ. ಆದರೆ ಉಣ್ಣುವವರ ಮುಂದೆ ಸಾವಿನ ಮಾತು ಎತ್ತಬಾರದು. ಕೈ ತೊಳೆದ ಮೇಲೆ ಹೇಳಿದರಾಯಿತು ಎಂದುಕೊಂಡಳು.

"ಒಂದೂ ಇಲ್ಲೆ, ಸಾಮಿ. ಬರೀ ಹುಲ್ಲು. ಇನ್ನೂ ಚೂರು ಸಾರು?"

ಅಷ್ಟರಲ್ಲಿ ಫೋನು ಬಂತು. ಅವನು ಕೈ ತೊಳೆದವನೇ ಒದ್ದೆ ಕೈಯಲ್ಲೇ ಜೀಪಿನತ್ತ ಓಡಿದ.

ಆ ಇಳಿಜಾರಿನಲ್ಲಿ ವ್ಯೂ ಪಾಯಿಂಟು, ಬಸ್ಸುಗಳಿಗೆ ಪಾರ್ಕಿಂಗು ಬರುತ್ತದೆಂದು ತಿಳಿದಾಗ ಹಟ್ಟಿಗೆ ಹಟ್ಟಿಯೇ ಆಕ್ಷೇಪಣೆಯ ಸಭೆಗೆ ಹೋಯಿತು. ಹಟ್ಟಿಯ ಹಿರಿಯ ರಾಮನ್ ಗೌಡರು, "ಅದು ಎಂಗ ಹಿರೀಕರು ಮಲಗಿರುವ ನೆಲ" ಎಂದರು. ಸಭೆ ನಡೆಸುತ್ತಿದ್ದ ಅಧಿಕಾರಿ, ಗಿರಿಧರನ್ ಕಡೆ ತಿರುಗಿದ. ಗಿರಿಧರನ್ ಬೆರಳು ತೋರಿಸಿದ.

"ಏನೂ ಇಲ್ಲ ಅಂತ ಹೇಳಿದ್ದೇ ಆ ಅಮ್ಮ, ಸಾರ್."

ಕಮಲಂ ಎದ್ದು ನಿಂತಳು. "ಹೇಳಿದ್ದು ನಿಜ. ಅವರು ಉಣ್ಣುತ್ತಿದ್ದರು, ಅದಕ್ಕೆ..."

"ಅಂದರೆ, ಇವರ ಊಟ ಮುಗಿದ ಮೇಲೆ ಹೆಣಗಳು ಬಂದು ಮಲಗಿದವೋ?" ಅಧಿಕಾರಿ ಕೇಳಿದ.

ಸಭೆ ನಕ್ಕಿತು. ಹಟ್ಟಿಯವರಲ್ಲೂ ಇಬ್ಬರು ನಕ್ಕರು.

"ಅಗೆದು ತೋರಿಸಿ, ನಂಬುತ್ತೇನೆ" ಎಂದ ಅಧಿಕಾರಿ.

ದಾರಿಯುದ್ದಕ್ಕೂ ಯಾರೂ ಅವಳ ಜೊತೆ ನಡೆಯಲಿಲ್ಲ. ಹಟ್ಟಿ ಮುಟ್ಟಿದ ಮೇಲೆ ಭೋಜನ್‌ನ ತಂಗಿ ಈಶ್ವರಿ ಬಾಯಿ ಬಿಟ್ಟಳು. "ಎನ್ನ ಅಣ್ಣನನ್ನು ಒಂದು ತಟ್ಟೆ ಅನ್ನಕ್ಕೆ ಬಿಟ್ಟುಕೊಟ್ಟೆಯಲ್ಲಾ ಅತ್ತಿಗೆ! ಮುಚ್ಚಿದ್ದು ನಿನ್ನ ಬಾಯಿ. ಅಗೆಯುವುದೂ ನೀನೇ."

ಮಲಗಿದವರನ್ನು ಎಬ್ಬಿಸುವುದಕ್ಕಿಂತ ದೊಡ್ಡ ಪಾಪ ಹಟ್ಟಿಯಲ್ಲಿಲ್ಲ. ಗೌಡರು ಈಶ್ವರಿಯನ್ನು ತಡೆಯಲಿಲ್ಲ.

ಅಧಿಕಾರಿ ಬಂದ ಬೆಳಿಗ್ಗೆ ಗಂಡಸರು ಕೈಕಟ್ಟಿ ದೂರ ನಿಂತರು. ಕಮಲಂ ಟೀ ತೋಟದ ಗುದ್ದಲಿ ಹಿಡಿದು ಬಿಕ್ಕೆ ಮರದ ಬುಡದಲ್ಲಿ ಒಬ್ಬಳೇ ಅಗೆದಳು. ಮೊದಲು ಸಿಕ್ಕಿದ್ದು ಭೋಜನ್‌ಗೆ ಅವಳೇ ಹೆಣೆದ ಉಣ್ಣೆ ಟೊಪ್ಪಿ. ಅದು ಹಾಗೇ ಇತ್ತು. ಒಳಗಿದ್ದದ್ದು ಹಾಗೇ ಇರಲಿಲ್ಲ. ಅವಳು ಮೊಳಕಾಲೂರಿ, "ನೋಡು ಸಾಮಿ, ಇವರು ಎನ್ನ ಮನೆಯವರು" ಎಂದಳು.

ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದ. "ಸರಿ. ಒಂದು ಗೋರಿ ಇದೆ. ಅಷ್ಟು ಜಾಗ ಬಿಟ್ಟು ಕೆಲಸ ಶುರು ಮಾಡಿ."

"ಉಳಿದವರು, ಸಾರ್?" ಗೌಡರು ಕೇಳಿದರು.

"ಅವರನ್ನೂ ಅಗೆದು ತೋರಿಸಿ."

ಯಾರೂ ಗುದ್ದಲಿ ಮುಟ್ಟಲಿಲ್ಲ. ಅತ್ತೆಯ ಮೇಲೂ ಕೂಸಿನ ಮೇಲೂ ಜಲ್ಲಿ ಬಿತ್ತು, ರೋಲರ್ ಓಡಿತು. ಭೋಜನ್‌ನ ಸುತ್ತ ಮಾತ್ರ ಕಬ್ಬಿಣದ ಬೇಲಿ ಬಂತು. "ತನ್ನ ಗಂಡನೊಬ್ಬನನ್ನು ಉಳಿಸಿಕೊಂಡಳು" ಎಂದಿತು ಹಟ್ಟಿ. ಅವಳ ಮನೆಯಲ್ಲಿ ಆಮೇಲೆ ಯಾರೂ ಕೈ ತೊಳೆದು ಉಣ್ಣಲು ಕೂರಲಿಲ್ಲ.

ಬಸ್ಸಿನಿಂದ ಇಳಿದವರು ಬೇಲಿಗೆ ಒರಗಿ ಫೋಟೋ ತೆಗೆಯುತ್ತಾರೆ, ತಿಂದ ಜೋಳದ ದಿಂಡನ್ನು ಒಳಗೆ ಎಸೆಯುತ್ತಾರೆ. ಕಮಲಂ ಈಗ ಆ ಪಾರ್ಕಿಂಗಿನಲ್ಲಿ ಕಸ ಗುಡಿಸುತ್ತಾಳೆ.