ಚುಕ್ಕಿ ತಪ್ಪಿಸುವ ಕೈ

ಪಿಯುಸಿಯ ಗಣಿತ ಒಂದನ್ನು ಬಾಕಿ ಉಳಿಸಿಕೊಂಡೇ ನಾನು ತವರೂರು ಮುಗದದಿಂದ ಗೋಪನಕೊಪ್ಪಕ್ಕೆ ಸೊಸೆಯಾಗಿ ಬಂದೆ. ತೊಂಬತ್ತರ ದಶಕದ ಮಾತು. ಮತ್ತೆ ಪರೀಕ್ಷೆಗೆ ಕೂಡುತ್ತೇನೆ ಎಂದಾಗ ಅತ್ತೆಯವರು ಬೇಡ ಎನ್ನಲಿಲ್ಲ.

"ಇದೊಂದ್ ಸಲ ಬರಿ. ಫೇಲಾದ್ರ ಪುಸ್ತಕ ಕಟ್ಟಿ ಅಟ್ಟದ ಮ್ಯಾಲ ಇಡೂದು ನೋಡವಾ," ಎಂದರು.

ಅವರು ಅಟ್ಟಕ್ಕೇರಿಸಿದ ಸಾಮಾನು ಕೆಳಗಿಳಿದದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ನನ್ನ ಓದು ಅಲ್ಲಿಗೇ ಮುಗಿಯುತ್ತದೆಂದು ನಿಜಕ್ಕೂ ಹೆದರಿದ್ದೆ.

ನನ್ನನ್ನು ಕೆಡವುತ್ತಿದ್ದದ್ದು ಸೈನ್ ಗೆರೆ. ಮೇಲೆ ಕೆಳಗೆ ಹೊರಳುವ ಆ ಗೆರೆ ಅಕ್ಷವನ್ನು ದಾಟುವ ಜಾಗಗಳೇ ಅದರ ಸೊನ್ನೆಗಳು. ಲೆಕ್ಕ ಮಾಡಿ ಅಲ್ಲಲ್ಲಿ ಚುಕ್ಕಿ ಇಡುತ್ತಿದ್ದೆ, ಸರಿಯಾಗಿಯೇ. ಆಮೇಲೆ ಗೆರೆ ಎಳೆಯುವಾಗ ಕೈ ಒಂದು ಚುಕ್ಕಿಯ ಮೇಲಿಂದ, ಮುಂದಿನದರ ಕೆಳಗಿಂದ ಸುತ್ತಿಕೊಂಡು ಹೋಗಿಬಿಡುತ್ತಿತ್ತು. ತವರಿನಲ್ಲಿ ನಾವು ಹಾಕುತ್ತಿದ್ದದ್ದು ಚುಕ್ಕಿ ಸುತ್ತುವ ರಂಗೋಲಿ. ಗೆರೆ ಚುಕ್ಕಿಗೆ ತಾಗಿದರೆ ಅವ್ವ ಬೆರಳಿಗೆ ಹೊಡೆಯುತ್ತಿದ್ದಳು. ಅವಳು ಅಷ್ಟು ಚೆನ್ನಾಗಿ ಕಲಿಸಿದ್ದಕ್ಕೇ ನಾನು ಫೇಲಾದದ್ದು.

ಅತ್ತೆಯವರದು ಚುಕ್ಕಿ ಕೂಡಿಸುವ ರಂಗೋಲಿ. ಅಂಗಳದಲ್ಲಿ ನನ್ನ ಕೈಚಳಕ ನೋಡಿ ಹಿಂದೆ ನಿಂತೇ ಹೇಳಿದರು: "ಚುಕ್ಕಿ ಇಡೂದು ಕೂಡ್ಸಾಕವಾ, ದೂರದಿಂದ ಶರಣು ಮಾಡಾಕಲ್ಲ."

ದಿನಾ ಅಳಿಸಿ ಮತ್ತೆ ಹಾಕಿಸಿದರು. ಓದುವ ಹೊತ್ತೆಲ್ಲ ಅಂಗಳದ ಪಾಲಾಗುತ್ತಿದೆಯೆಂದು ಮನಸ್ಸಿನಲ್ಲೇ ಬೈದುಕೊಂಡೆ.

ಒಂದು ಬೆಳಗ್ಗೆ ಅವರು ಒಳಗೆ ಹೋದದ್ದೇ ತಡ, ಸಾಲಾಗಿ ಚುಕ್ಕಿ ಇಟ್ಟು ಸೈನ್ ಗೆರೆಯನ್ನೇ ಎಳೆದೆ. ಗೆರೆ ಚುಕ್ಕಿಗಳ ಮೇಲೇ ಹಾದುಹೋಯಿತು! ಸೈನ್ ಮುಂದೆ ಮೂರು ಇದ್ದರೆ ಹೇಗೆಂದು ಎತ್ತರವನ್ನು ಮೂರು ಪಟ್ಟು ಮಾಡಿದೆ, ಸೊನ್ನೆಗಳು ಕದಲಲಿಲ್ಲ. ಮಾವನವರ ಸಿಟ್ಟೂ ಹಾಗೇ, ಎಷ್ಟೇ ಮೇಲೇರಲಿ, ಚಹಾದ ಹೊತ್ತಿಗೆ ಇಳಿದಿರುತ್ತಿತ್ತು. ಎಕ್ಸನ್ನು ಎರಡರಿಂದ ಗುಣಿಸಿದಾಗ ಸೊನ್ನೆಗಳು ಒತ್ತೊತ್ತಾಗಿ ಬಂದವು. ಎಕ್ಸಿಗೆ ಏನಾದರೂ ಕೂಡಿಸಿದರೆ ಇಡೀ ಅಲೆಯೇ ಪಕ್ಕಕ್ಕೆ ಸರಿಯಿತು. ಇಷ್ಟೇನಾ ಎಂದು ಒಬ್ಬಳೇ ನಕ್ಕೆ. ಹೊರಬಂದ ಅತ್ತೆಯವರು ಈ ಹಾವು ಯಾತಕ್ಕೆಂದು ಕೇಳಿ, ಚುಕ್ಕಿ ಮಾತ್ರ ಸರಿಯಾಗಿ ಕೂಡಿವೆ ಎಂದು ಒಪ್ಪಿದರು.

ಪರೀಕ್ಷೆಯಲ್ಲಿ ಪೆನ್ಸಿಲ್ ಮೊದಲ ಚುಕ್ಕಿಯ ಹತ್ತಿರ ಹಳೆಯ ಚಾಳಿಗೆ ಬಾಗಲು ನೋಡಿತು. ಹಿಡಿದು ನೇರ ಚುಕ್ಕಿಯ ಮೇಲೇ ದಾಟಿಸಿದೆ.

ಪಾಸಾದೆ. ಗಣಿತ ತಾವೇ ಕಲಿಸಿದ್ದೆಂದು ಅತ್ತೆಯವರು ಓಣಿ ತುಂಬ ಹೇಳಿ ಬಂದರು. ನಾನೂ ಅಲ್ಲ ಎನ್ನಲಿಲ್ಲ. ಸಂಜೆ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಕೇಳಿದರು: "ವಿದ್ಯಾನಗರದ ಡಿಗ್ರಿ ಕಾಲೇಜಿಗೆ ಬಸ್ಸು ಎಷ್ಟಕ್ಕ ಐತಿ?"

ಬಸ್ಸಿನ ಹೊತ್ತು ನನಗೆ ಬಾಯಿಪಾಠವಿತ್ತು. ಬೆಳಗಿನದರಿಂದ ಸಂಜೆಯದರವರೆಗೆ ಒಂದೇ ಉಸಿರಿಗೆ ಒಪ್ಪಿಸಿದೆ.