ಬೆಲ್ಲದ ಪಾಕದಲ್ಲಿ ಇರುವೆ ಹಕ್ಕಿ

ಪುಟ್ಟಿ, ಚಿನ್ನು, ಇದು ಸಿಂಗಾಪುರದ ಬುಕಿತ್ ಪಂಜಾಂಗ್ ಮನೆಯಲ್ಲಿದ್ದಾಗ ನಡೆದದ್ದು. ಚಿನ್ನು, ನೀನಿನ್ನೂ ಹುಟ್ಟಿರಲಿಲ್ಲ, ಆದ್ದರಿಂದ ನಿನ್ನ ಮೇಲೆ ಯಾವ ಆರೋಪವೂ ಇಲ್ಲ. ಮುಂದಿನದನ್ನು ಅಕ್ಕನಿಗೆ ಬರೆಯುತ್ತೇನೆ, ನೀನೂ ಓದಿಕೊ.

ಪುಟ್ಟಿ, ಮೂರನೇ ಕ್ಲಾಸಿನಲ್ಲಿ ನೀನು ಒಂದು ಹಕ್ಕಿಯ ಬಗ್ಗೆ ಮಾತಾಡಬೇಕಿತ್ತು. ದಕ್ಷಿಣ ಅಮೆರಿಕದ ಕಾಡಿನ ಇರುವೆ ಹಕ್ಕಿ, ಗುಬ್ಬಿಯಷ್ಟೇ ಇರುವುದು. ಇರುವೆಗಳ ದಂಡು ಹೊರಟರೆ ಹುಳಹುಪ್ಪಟೆಗಳು ಹೆದರಿ ಓಡುತ್ತವಂತೆ. ಈ ಹಕ್ಕಿ ದಂಡಿನ ಜೊತೆಗೇ ಹೋಗಿ, ಓಡುವುದನ್ನು ಹಿಡಿದು ತಿನ್ನುತ್ತದಂತೆ. ಮದುವೆಮನೆಗಳಲ್ಲಿ ನಿಮ್ಮ ತಾತನೂ ಹೀಗೆಯೇ, ಹೋಳಿಗೆ ತಟ್ಟೆಯ ಹಿಂದೆ. ಪುಣ್ಯಾತ್ಮರು, ಸ್ವರ್ಗದಲ್ಲೂ ಪಂಕ್ತಿ ಹುಡುಕುತ್ತಿರಬೇಕು.

ಕಷ್ಟವಿದ್ದದ್ದು ನಿನ್ನ ಬಾಯಿಯಲ್ಲಿ. ಕ್ಲಾಸಿನಲ್ಲಿ ವರ್ಷವೆಲ್ಲ ನೀನು ತುಟಿ ಬಿಚ್ಚಿಲ್ಲವೆಂದು ಟೀಚರ್ ಬರೆದು ಕಳಿಸಿದ್ದರು. ಈ ರೋಗ ನನ್ನ ಕಡೆಯಿಂದ ಬಂದದ್ದು. ಹಳ್ಳಿ ಶಾಲೆಯಲ್ಲಿ ನಾನು ಹಾಜರಿ ಹೇಳುವುದು ಮೇಷ್ಟ್ರಿಗೆ ಕೇಳಿಸದೆ, ಎದುರಿಗೇ ಕೂತಿದ್ದರೂ ಗೈರುಹಾಜರಿ ಬೀಳುತ್ತಿತ್ತು.

"ಅಜ್ಜಿ, ನಂಗೆ ಜ್ವರ ಅಂತ ಸ್ಕೂಲ್‌ಗೆ ಫೋನ್ ಮಾಡು."

"ಇಂಗ್ಲಿಷಲ್ಲಾ? ಅದಕ್ಕಿಂತ ನಿಂಗೆ ಜ್ವರ ಬರ್ಸೋದೇ ಸುಲಭ ಕಣೆ."

ಹಾಗಾಗಿ ಕ್ಲಾಸಿನಲ್ಲಿ ತೋರಿಸಲು ಒಂದು ಕಾಡು ಕಟ್ಟಲು ಕೂತೆವು. ರಟ್ಟಿನ ಮೇಲೆ ಒಣ ಎಲೆ. ತಾತನ ಬೂದು ಪ್ಯಾಂಟು ಕತ್ತರಿಸಿ, ಬತ್ತಿಯ ಹತ್ತಿ ತುಂಬಿ ಹಕ್ಕಿ ಹೊಲಿದೆ. ಇರುವೆಗಳಿಗೆ ಕರಿ ಎಳ್ಳು. ಅಂಟು ಮುಗಿದಿತ್ತು. ಬೆಲ್ಲದ ಪಾಕ ಕಾಯಿಸಿ ಅಂಟಿಸಿದೆ. ಎಳ್ಳುಂಡೆ ಹಿಡಿಯುವ ಪಾಕ ಎಳ್ಳನ್ನು ಬಿಟ್ಟೀತೆ ಎಂಬುದು ನನ್ನ ವಿಜ್ಞಾನ.

ನೀನು ಮಾತಾಡುವ ದಿನ ಮನೆಯವರೂ ಬರಬಹುದು ಎಂದಿದ್ದರು ಶಾಲೆಯವರು. ನಿಮ್ಮಮ್ಮನಿಗೆ ದೂರದ ತಂಜಾಂಗ್ ಪಗಾರ್‌ನಲ್ಲಿ ಮೀಟಿಂಗು. ರಟ್ಟು ಹೊತ್ತು ನಾನೇ ಬಂದು ಕ್ಲಾಸಿನ ಹಿಂದಿನ ಗೋಡೆಗೆ ಒರಗಿ ನಿಂತೆ. ನೀನು ರಟ್ಟನ್ನು ಮೇಜಿನ ಮೇಲಿಟ್ಟು ನೆಲ ನೋಡುತ್ತಿದ್ದೆ. ಎಳ್ಳಿನ ಸಾಲಿನ ಪಕ್ಕದಲ್ಲಿ ಇನ್ನೊಂದು ಸಾಲು ನಡೆಯುತ್ತಿತ್ತು.

"ಟೀಚರ್, ರಿಯಲ್ ಆಂಟ್ಸ್ ಲಾ," ಎಂದಳು ಮುಂದೆ ಕೂತವಳು, ಇಲ್ಲಿನವರ ರೂಢಿಯಂತೆ ಕೊನೆಗೊಂದು 'ಲಾ' ಸೇರಿಸಿ. ಟೀಚರ್ ಒರೆಸಲು ಟಿಶ್ಯೂ ತೆಗೆದರು. ನನಗೆ ಗೋಡೆಯೊಳಕ್ಕೇ ಹೋಗಿಬಿಡೋಣ ಎನ್ನಿಸಿತು.

"ನೋ, ಡೋಂಟ್ ಕಿಲ್ ಲಾ," ಎಂದೆ ನೀನು. ವರ್ಷದ ಮೊದಲ ಮಾತೇ ಟೀಚರಿಗೆ ಗದರಿಕೆ. ಇರುವೆ ಹೋದರೆ ಹಕ್ಕಿ ಏನು ತಿನ್ನಬೇಕು ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದವಳು ಗಂಟೆ ಹೊಡೆಯುವವರೆಗೂ ನಿಲ್ಲಿಸಲಿಲ್ಲ. ಪಾಪ, ಟೀಚರ್ ಕೈಮೇಲೆ ಇರುವೆ ಹತ್ತಿದ್ದರೂ ಕೇಳುತ್ತಲೇ ನಿಂತಿದ್ದರು.

ವಾಪಸು ಬರುವಾಗ ರೈಲಿನಲ್ಲಿ ನೀನು ಕೇಳಿದೆ: "ಅಜ್ಜಿ, ಬೇಕಂತಾನೇ ಬೆಲ್ಲ ಹಾಕಿದ್ಯಾ, ನಾನು ಮಾತಾಡ್ಲಿ ಅಂತ?"

"ಹೂಂ ಮತ್ತೆ," ಎಂದೆ.

ಅದು ಶುದ್ಧ ಸುಳ್ಳು. ಎದುರಿಗೆ ಕೇಳಿದರೆ ಈಗಲೂ ಹೂಂ ಎಂದೇ ಹೇಳುತ್ತೇನೆ. ನಿಜ ಇರುವುದು ಈ ಹಾಳೆಗಳಲ್ಲಿ ಮಾತ್ರ. ನಿಮ್ಮಮ್ಮ ಹಳೇ ಪೇಪರ್ ಎಂದು ಎಸೆಯುವ ಮೊದಲು, ಇಬ್ಬರೂ ಸೇರಿ ಪಾಸ್‌ಪೋರ್ಟ್ ಡ್ರಾಯರಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ.