ಸವೆಯದ ನಾಲ್ಕು ಸಾಲು

ಮೊದಲ ಸಲ ನನ್ನ ಬೆನ್ನು ಹಿಡಿದುಕೊಂಡದ್ದು 1998ರಲ್ಲಿ ಎಂದು ಬಹುಕಾಲ ಹೇಳುತ್ತ ಬಂದಿದ್ದೆ. ಅದು ತಪ್ಪು. ನಿವೃತ್ತಿಯ ನಂತರ ಕ್ಷೇತ್ರಕಾರ್ಯದ ಹಳೆಯ ಟಿಪ್ಪಣಿಪುಸ್ತಕವನ್ನು ತೆರೆದಾಗ, ಆ ದಿನದ ಪುಟದ ತಲೆಯಲ್ಲಿ 'ರಾಯಚೂರು ಜಿಲ್ಲೆ' ಎಂದು ಬರೆದು, ಹೊಡೆದು, ಪಕ್ಕದಲ್ಲಿ 'ಕೊಪ್ಪಳ' ಎಂದು ತಿದ್ದಿದ್ದು ಕಾಣಿಸಿತು. 1997ರ ಆಗಸ್ಟಿನಲ್ಲಿ ಜಿಲ್ಲೆ ಬೇರೆಯಾದ ಹೊಸತರಲ್ಲಿ ಕೈ ಇನ್ನೂ ಹಳೆಯ ಹೆಸರನ್ನೇ ಬರೆಯುತ್ತಿತ್ತು. ಹಿಂಗಾರಿ ಜೋಳ ಮೊಳಕಾಲುದ್ದ ಬೆಳೆದಿದೆಯೆಂಬ ಟಿಪ್ಪಣಿಯೂ ಅದೇ ಪುಟದಲ್ಲಿದೆ. ಆದ್ದರಿಂದ 1997ರ ಕೊನೆಯ ತಿಂಗಳುಗಳು, ಇದರಲ್ಲಿ ಸಂದೇಹವಿಲ್ಲ.

ಶಾಸನಗಳ ಪಡಿಯಚ್ಚು ತೆಗೆಯುವುದು ನನ್ನ ಉದ್ಯೋಗವಾಗಿತ್ತು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಅದು ಅಕ್ಷರಗಳ ಕುಳಿಗೆ ಇಳಿಯುವ ತನಕ ಗಡುಸು ಕುಂಚದಿಂದ ಬಡಿದು, ಮೇಲೆ ಮಸಿ ಒತ್ತಬೇಕು. ಕಲ್ಲು ಎದ್ದು ಬರುವುದಿಲ್ಲ. ಅದು ಹೇಗೆ ನಿಂತಿದೆಯೋ ಹಾಗೆ ನಾವೇ ಬಾಗಬೇಕು. ನಾನು ಸುಲಭವಾಗಿ ಬಾಗುತ್ತಿದ್ದೆ. ಆನೆಗೊಂದಿಯ ಬಂಡೆಗಳ ಸಂದಿಯಲ್ಲಿ ಬೇರೆಯವರು ತಲೆ ತೂರಿಸಲಾರದ ಕಡೆ ನಾನು ಮೈ ಮಡಚಿಕೊಂಡು ಹೋಗಿ ಅಚ್ಚು ತರುತ್ತಿದ್ದೆ. ಅದನ್ನು ಪ್ರತಿಭೆ ಎಂದೇ ತಿಳಿದಿದ್ದೆ.

ಆ ದಿನದ ಕಲ್ಲು ಕುಷ್ಟಗಿಯಿಂದ ಯಲಬುರ್ಗಾಕ್ಕೆ ಹೋಗುವ ದಾರಿಯ ಒಂದು ಹೊಲದಲ್ಲಿತ್ತು. ಹೊಲದೊಡತಿ ನನಗಿಂತ ಐದಾರು ವರ್ಷ ಹಿರಿಯಳು. ನಡ ಉಳುಕಿ ಎರಡು ದಿನದಿಂದ ಓರೆಯಾಗಿ ನಡೆಯುತ್ತಿದ್ದಳು. ಮಾತಿನ ನಡುವೆ ನಾನು ಕಾಲು ಮುಂದಾಗಿ ಹುಟ್ಟಿದವಳೆಂದು ಬಾಯಿ ಬಿಟ್ಟೆ. ಹಾಗೆ ಹುಟ್ಟಿದವರು ಕಾಲು ಮುಟ್ಟಿಸಿದರೆ ಉಳುಕಿದ ನಡ ಬಿಡುತ್ತದೆಂದು ನಮ್ಮ ಸೀಮೆಯಲ್ಲಿ ನಂಬುತ್ತಾರೆ. ಅವಳು ಬದುವಿನ ಮೇಲೆ ಬೋರಲಾಗಿ ಮಲಗಿದಳು.

"ಮೊದಲ ನನ್ನ ನಡಾ ಬಿಡಸ್ರಿ ಅಕ್ಕಾರ. ಆಮ್ಯಾಲ ಕಲ್ಲಿಗೆ ಏನರ ಹಚ್ಚಿಕೊಳ್ರಿ."

ನಂಬಿಕೆಯಿಲ್ಲದೆಯೇ ಚಪ್ಪಲಿ ಬಿಟ್ಟು ಮೂರು ಸಲ ಹಿಮ್ಮಡಿ ತಾಗಿಸಿದೆ. ಅವಳು ಎದ್ದು ಆಚೀಚೆ ತಿರುಗಿ, ಛಲೋ ಆತೆಂದು ಕಳೆ ತೆಗೆಯಲು ಹೋದಳು.

ದಾನವೊಂದನ್ನು ಹೇಳುವ ಮೇಲಿನ ಸಾಲುಗಳ ಅಚ್ಚು ಸಲೀಸಾಗಿ ಬಂತು. ಕೊನೆಯ ನಾಲ್ಕು ಸಾಲುಗಳು ನೆಲಕ್ಕೆ ಹತ್ತಿಕೊಂಡಿದ್ದವು. ಮಣ್ಣು ಬಗೆದು ನೋಡಿದರೆ ಅಕ್ಷರಗಳು ನಿನ್ನೆ ಕೊರೆದಂತೆ ಚೂಪಾಗಿದ್ದವು. ದಾನದ ಕಾಲ ಬರೆದಿರುವುದೂ ಅಲ್ಲಿಯೇ ಎಂದು 'ಶಕವರ್ಷ' ಎಂಬ ಮೊದಲ ಪದದಿಂದ ತಿಳಿಯಿತು. ಉಳಿದದ್ದನ್ನು ಅಚ್ಚಿನಲ್ಲೇ ಓದಿದರಾಯಿತೆಂದು ಕಾಗದ ಹೊದಿಸಿ, ಪಕ್ಕಕ್ಕೆ ಬಾಗಿ ಕುಂಚ ಎತ್ತಿದೆ. ಸೊಂಟದೊಳಗೆ ಏನೋ ಜಾರಿದಂತಾಯಿತು. ಮರುಕ್ಷಣ ಬೆನ್ನಿನ ಸ್ನಾಯುಗಳೆಲ್ಲ ಒಂದೇ ಮುಷ್ಟಿಯಾಗಿ ಬಿಗಿದವು. ಉಸಿರು ಎಳೆದರೂ ಆ ಮುಷ್ಟಿ ಇನ್ನಷ್ಟು ಬಿಗಿಯುತ್ತಿತ್ತು. ಜೋಳದ ಸಾಲಿನಲ್ಲಿ ಕೆನ್ನೆ ನೆಲಕ್ಕೆ ಒತ್ತಿಕೊಂಡು ಬಿದ್ದಿದ್ದ ನನ್ನನ್ನು ಆ ಒಡತಿಯೇ ಜನ ಕೂಡಿಸಿ, ಹಗ್ಗದ ಹೊರಸಿನ ಮೇಲೆ ಮಲಗಿಸಿ ಹೊರಿಸಿ ರಸ್ತೆಗೆ ತಲುಪಿಸಿದಳು. ಒದ್ದೆ ಕಾಗದ ಕಲ್ಲಿನ ಮೇಲೆಯೇ ಒಣಗಿ ಹರಿದುಹೋಯಿತು.

ವರದಿ ಸಲ್ಲಿಸುವ ದಿನ ಬಂತು. ಹೆಂಗಸರನ್ನು ಹೊಲಗದ್ದೆಗೆ ಕಳಿಸಬಾರದೆಂಬ ಮಾತು ಕಚೇರಿಯಲ್ಲಿ ಮೊದಲೇ ಇತ್ತು. ಬೆನ್ನು ಹಿಡಿಯಿತೆಂದು ಬರೆದರೆ ಆ ಮಾತಿಗೆ ನಾನೇ ಸಾಕ್ಷಿ ನುಡಿದಂತಾಗುತ್ತಿತ್ತು. 'ಕೊನೆಯ ನಾಲ್ಕು ಸಾಲುಗಳು ಸವೆದಿವೆ' ಎಂದು ಬರೆದೆ. ಲಿಪಿಯ ಆಕಾರ ನೋಡಿ ಅಂದಾಜಿನ ಕಾಲವೊಂದನ್ನು ಸೂಚಿಸಿದೆ. ಮುಂದಿನ ತಿಂಗಳು ಹೋಗಿ ಓದಿ, ಅಚ್ಚಾಗುವ ಮೊದಲು ತಿದ್ದುವುದೆಂದು ನನಗೆ ನಾನೇ ಹೇಳಿಕೊಂಡೆ.

ಆ ಮುಂದಿನ ತಿಂಗಳು ಬರಲಿಲ್ಲ. ಎರಡು ತಿಂಗಳಿಗೊಮ್ಮೆ, ಕೆಲವೊಮ್ಮೆ ಮೂರು ವಾರಕ್ಕೊಮ್ಮೆ ಬೆನ್ನು ಹಿಡಿಯತೊಡಗಿತು. ಗಂಗಾವತಿಯಲ್ಲಿ ಉಳುಕು ತೆಗೆಯುವ ಒಬ್ಬ ಹಿರಿಯರಿದ್ದರು. ಅವರು ಕಾಲು ಹಿಡಿದು ಎಳೆದರೆ ಟಕ್ಕೆಂದು ಸದ್ದಾಗಿ ಎರಡು ದಿನ ಸ್ವರ್ಗ ಸಿಗುತ್ತಿತ್ತು. ಆ ಎರಡು ದಿನಕ್ಕಾಗಿ ನಾನು ಮತ್ತೆ ಮತ್ತೆ ಹೋದೆ. ಒಮ್ಮೆ ಕೊಪ್ಪಳದ ಬಸ್ ನಿಲ್ದಾಣದಲ್ಲಿ ಕಂಬವನ್ನು ಅಪ್ಪಿ ನಿಂತಿದ್ದೆ. ಬಿಟ್ಟರೆ ಬೀಳುವುದು ಖಚಿತವಾಗಿತ್ತು. ನಾನು ಹತ್ತಬೇಕಾದ ಮೂರು ಬಸ್ಸುಗಳು ಕಣ್ಣೆದುರೇ ಹೋದವು. ಯಾವ ಬಸ್ಸಿಗೆಂದು ಕೇಳಿದವರಿಗೆ, ಇನ್ನೂ ಬಂದಿಲ್ಲ ಎಂದೆ. ಇಟಗಿಯ ದೇಗುಲದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದ ದಿನ, ಈ ದೇಹದೊಂದಿಗೆ ಇನ್ನೊಂದು ವರ್ಷ ಇರಲಾರೆ ಎಂದು ಟಿಪ್ಪಣಿಪುಸ್ತಕದಲ್ಲಿ ಸ್ಪಷ್ಟ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ. ಆ ಪುಟಕ್ಕೆ ಮಾತ್ರ ದಿನಾಂಕ ಹಾಕಿಲ್ಲ. ರಜೆಯ ಅರ್ಜಿಗಳೊಂದಿಗೆ ತಾಳೆ ನೋಡಿದರೆ 2001 ಇರಬೇಕು.

2005ರಲ್ಲಿ ಕೊಪ್ಪಳದ ವೈದ್ಯರೊಬ್ಬರು ನನ್ನ ಹೆಬ್ಬೆರಳನ್ನು ಮಣಿಕಟ್ಟಿನತ್ತ ಮಡಚಿದರು. ಅದು ತಡೆಯಿಲ್ಲದೆ ಮುಂಗೈಗೆ ಹೋಗಿ ತಾಗಿತು. ಮೊಣಕೈಗಳೂ ಮೊಣಕಾಲುಗಳೂ ಹಾಗೆಯೇ ಹಿಂದಕ್ಕೆ ಬಾಗಿದವು. ಶಾಲೆಯಲ್ಲಿ ಗೆಳತಿಯರಿಗೆ ಇದನ್ನೇ ಆಟವಾಗಿ ತೋರಿಸುತ್ತಿದ್ದೆನೆಂದೂ ಈಗ ಗಂಗಾವತಿಯಲ್ಲಿ ಎಳೆಸಿಕೊಳ್ಳುತ್ತಿದ್ದೇನೆಂದೂ ಹೇಳಿದೆ.

"ನಿಮ್ಮ ಕೀಲು ಸಡಿಲ ಅದಾವ್ರಿ," ಎಂದರು. "ಅವು ಜಾರತಾವ ಅಂತ ಸ್ನಾಯು ಬಿಗಿಹಿಡಿತೈತಿ. ಅದು ಕಾವಲು. ನೀವು ಎಳಿಸಿ ಎಳಿಸಿ ಆ ಕಾವಲುಗಾರನ್ನ ಬಡದು ಓಡಸಾಕತ್ತೀರಿ, ಅಂವ ಇನ್ನಷ್ಟು ಗಟ್ಟಿ ಹಿಡ್ಯಾಕತ್ತ್ಯಾನ."

ಮನೆಗೆ ಬಂದು ನನ್ನದೇ ಟಿಪ್ಪಣಿಗಳನ್ನು ಸಾಲಾಗಿಟ್ಟು ನೋಡಿದೆ. ಗಂಗಾವತಿಗೆ ಹೋದ ದಿನಗಳೂ ಬೆನ್ನು ಹಿಡಿದ ದಿನಗಳೂ ಅದರಲ್ಲಿದ್ದವು. ಪ್ರತಿ ಎಳೆತದ ನಂತರ ಮೂರು ವಾರದೊಳಗೆ ಇನ್ನೊಂದು ಹಿಡಿತ ಬಂದಿತ್ತು, ಎಳೆಸದೆ ಬಿಟ್ಟಾಗ ಮಾತ್ರ ಎರಡು ತಿಂಗಳ ಬಿಡುವಿತ್ತು. ಸಾವಿರ ವರ್ಷದ ಹಿಂದಿನ ತಿಥಿ ವಾರಗಳನ್ನು ತಾಳೆ ಹಾಕುತ್ತಿದ್ದವಳು ಏಳೆಂಟು ವರ್ಷ ನನ್ನ ಮೈಯ ಲೆಕ್ಕವನ್ನು ಓದಿರಲಿಲ್ಲ. ಅಂದಿನಿಂದ ಎಳೆಸುವುದನ್ನು ಬಿಟ್ಟೆ. ಸ್ನಾಯು ಗಟ್ಟಿಮಾಡುವ ವ್ಯಾಯಾಮಗಳನ್ನು ಕಲಿತೆ. ಹಿಡಿತಗಳು ವಿರಳವಾದವು, ನಿಲ್ಲಲಿಲ್ಲ. ಬಾಗುವ ಕೆಲಸ ಪೂರಾ ನಿಷಿದ್ಧವಾಯಿತು. ನಿವೃತ್ತಿಯವರೆಗೂ ಮೇಜಿನ ಮುಂದೆ ಬೇರೆಯವರ ಅಚ್ಚುಗಳನ್ನು ಓದಿದೆ.

ಅಷ್ಟರಲ್ಲಿ ನನ್ನ ಅಂದಾಜಿನ ಕಾಲ ಗ್ರಂಥಗಳಿಗೆ ಸೇರಿತ್ತು. 2016ರಲ್ಲಿ ಒಂದು ಲೇಖನ ಅದನ್ನೇ ಆಧಾರವಾಗಿಟ್ಟು ಇನ್ನೆರಡು ಶಾಸನಗಳ ಕಾಲ ನಿರ್ಣಯಿಸಿದ್ದನ್ನು ಓದಿ, ಆ ಸಾಲುಗಳನ್ನು ಓದದೆ ಸಾಯಬಾರದೆನಿಸಿತು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಕಾಗದ ಕುಂಚ ಮಸಿ ತೆಗೆದುಕೊಂಡು ಹೊರಟೆ.

ಒಡತಿ ಗುರುತು ಹಿಡಿದಳು. ನನ್ನ ಪಟ್ಟಿಯನ್ನೂ ನಡಿಗೆಯನ್ನೂ ನೋಡಿ ಅವಳ ಮುಖ ಸಣ್ಣದಾಯಿತು. ಅಂದು ತನ್ನ ನಡದ ನೋವು ನನ್ನ ಕಾಲಿನ ಮೂಲಕ ನನ್ನ ಮೈಗೆ ಹತ್ತಿತೆಂದು ಹತ್ತೊಂಬತ್ತು ವರ್ಷ ನಂಬಿಕೊಂಡಿದ್ದಳು. ಹಾಗಲ್ಲ, ಇದು ಹುಟ್ಟಿನಿಂದಲೇ ಸಡಿಲವಾದ ನನ್ನ ಕೀಲುಗಳ ದೋಷವೆಂದು ವಿವರಿಸಿದೆ. ಅವಳು ಪೂರಾ ಕೇಳಿಸಿಕೊಂಡು, "ಇರಲಿ, ನನ್ನ ನಡಾ ಬಿಡಸಿ ನಿಮ್ಮ ನಡಾ ಇಲ್ಲೇ ಬಿಟ್ಟು ಹೋಗಿದ್ರಿ," ಎಂದಳು. "ಈಗ ನಾ ಬಾಗತೀನಿ. ನೀವು ನಿಂತು ಹೇಳ್ರಿ."

ಅವಳು ನೆಲಕ್ಕೆ ಕೂತು, ಮಣ್ಣು ಬಗೆದು, ಕಾಗದ ಹೊದಿಸಿದಳು. ಮೊದಲ ಹಾಳೆ ಅವಳ ಹೊಡೆತಕ್ಕೆ ಹರಿಯಿತು. ರೊಟ್ಟಿ ತಟ್ಟುವಷ್ಟೇ ಬಲ ಸಾಕೆಂದೆ. ಎರಡನೆಯದರಲ್ಲಿ ನಾಲ್ಕೂ ಸಾಲುಗಳು ಇಳಿದವು. ಮೇಲಿನಿಂದ ನನಗೆ ಕಂಡದ್ದು ಅವಳ ಬಾಗಿದ ಬೆನ್ನು ಮಾತ್ರ. ಆ ಗಟ್ಟಿ ಬೆನ್ನಿನ ಮೇಲೆ ನನಗೆ ಹುಟ್ಟಿದ ಅಸೂಯೆಯನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಏನು ಬರೆದಿದೆಯೆಂದು ಕೇಳಿದಳು. ದಾನ ಕೊಟ್ಟ ವರ್ಷ, ತಿಥಿ, ವಾರ ಎಂದೆ.

"ಬರೇ ತಾರೀಖೇನ್ರಿ?"

ಹೌದೆಂದೆ. ಆಮೇಲೆ ಪಂಚಾಂಗದೊಡನೆ ತಾಳೆ ನೋಡಿದಾಗ ತಿಥಿ ವಾರಗಳು ಸರಿಯಾಗಿ ಕೂಡಿದವು. ನನ್ನ ಅಂದಾಜು ಒಂದು ತಲೆಮಾರಿಗೂ ಹೆಚ್ಚು ತಪ್ಪಾಗಿತ್ತು.

ಮರಳುವ ಬಸ್ಸಿನ ಕುಲುಕಾಟಕ್ಕೆ ಮತ್ತೆ ಬೆನ್ನು ಹಿಡಿದು ಮೂರು ವಾರ ಮಲಗಿದೆ. ಅಂಗಾತ ಮಲಗಿದವರಿಗೆ ಪೆನ್ನು ಬರೆಯುವುದಿಲ್ಲ. ತಿದ್ದುಪಡಿಯನ್ನು ಪೆನ್ಸಿಲ್ಲಿನಲ್ಲಿ ಬರೆದೆ. ಸಾಲುಗಳು ಎಂದೂ ಸವೆದಿರಲಿಲ್ಲ, ಅಂದು ನಾನು ಬಾಗಲಾರದೆ ಹೋದೆ, ಅದನ್ನು ಬಚ್ಚಿಟ್ಟೆ ಎಂದಿತ್ತು. ಶಾಸನಪತ್ರಿಕೆಯ ಸಂಪಾದಕರು ಸೌಜನ್ಯದಿಂದಲೇ ವೈಯಕ್ತಿಕ ಕಾರಣವೇಕೆಂದು ಕೇಳಿ, 'ಮರುಪರಿಶೀಲನೆಯಲ್ಲಿ ಓದಲಾಗಿದೆ' ಎಂದಷ್ಟೇ ಅಚ್ಚುಮಾಡಿದರು. ಏಳಲಾಗದ ಸ್ಥಿತಿಯಲ್ಲಿ ಒಪ್ಪಿಬಿಟ್ಟೆ. ಕಲ್ಲಿನ ಕಾಲ ಸರಿಹೋಯಿತು. ಅದು ಅಷ್ಟು ವರ್ಷ ಏಕೆ ತಪ್ಪಾಗಿತ್ತೆಂಬುದು ಎಲ್ಲಿಯೂ ದಾಖಲಾಗಿರಲಿಲ್ಲ. ಆದ್ದರಿಂದ ಇಲ್ಲಿ ದಾಖಲಿಸಿದ್ದೇನೆ.